ಒಂದು ಗೇಣು, ನಾಲ್ಕು ಬೆರಳು

ನಮ್ಮವ್ವನ ಕಣ್ಣು ಭಾರಿ ಚುರುಕು ಎಂಬ ಮಾತಿಗೆ ಕಮಲಾಪುರದ ನಮ್ಮ ಓಣಿಯಲ್ಲಿ ಎದುರು ಹೇಳುವವರೇ ಇರಲಿಲ್ಲ. ಐವತ್ತು ದಾಟಿದ ಹೆಂಗಸರು ಸೂಜಿ ದಾರ ಹಿಡಿದುಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಅವ್ವ ಮಾತು ನಿಲ್ಲಿಸದೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಮುಖದ ಹತ್ತಿರ ತಂದು, ಒಂದೇ ಸಲಕ್ಕೆ ಪೋಣಿಸಿ ಕೊಟ್ಟುಬಿಡುತ್ತಿದ್ದಳು. ಅವಳು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಗೆರೆ ಎಳೆದಂತೆ ಹೊಲಿಗೆ ಹಾಕುತ್ತಿದ್ದಳು. ಓಣಿಯಲ್ಲಿ ಯಾವ ಮನೆಯಲ್ಲಿ ಬಾಣಂತನವಾದರೂ ಕೂಸಿನ ತಲೆಯಿಂದ ಬೆನ್ನಿನವರೆಗೆ ಹೊದಿಸುವ ಕುಂಚಿಗೆ ನಮ್ಮ ಮನೆಯಿಂದಲೇ ಹೋಗಬೇಕು.

ಇದೇ ಅವ್ವನಿಗೆ ಇನ್ನೊಂದು ಹೆಸರೂ ಇತ್ತು: ಸೊಕ್ಕಿನಾಕಿ. ದಾರಿಯಲ್ಲಿ ಎದುರಾದವರನ್ನು ಮಾತಾಡಿಸುವುದಿಲ್ಲ ಎಂಬ ದೂರು. ಪಕ್ಕದ ಮನೆಯಲ್ಲಿದ್ದ ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕಿಯಂತೂ ನನ್ನ ಮುಂದೆಯೇ ಹೇಳುತ್ತಿದ್ದಳು.

"ನಿಮ್ಮವ್ವಗ ಸೂಜಿ ತೂತು ಕಾಣ್ತದ, ಇಷ್ಟು ದೊಡ್ಡ ನಾ ಕಾಣಂಗಿಲ್ಲ ನೋಡು. ನಿನ್ನಿ ಬಸ್‌ಸ್ಟ್ಯಾಂಡಿನ್ಯಾಗ ಎದುರಿಗೇ ನಿಂತಿದ್ದೆ. ಹಂಗೇ ಹೋದಳು ಮಹಾರಾಣಿ."

ಒಳಗಿನಿಂದ ಅವ್ವ ಉತ್ತರ ಕೊಡುತ್ತಿದ್ದಳು. "ಕೂಗಿದ್ರ ಮಾತಾಡ್ತಿದ್ದೆ. ಬಾಯಿ ಮನ್ಯಾಗ ಇಟ್ಟು ಬಂದಿದ್ದಿಯೇನು?"

ಈ ಎರಡೂ ಮಾತು ಕೇಳುತ್ತಲೇ ನಾನು ಬೆಳೆದೆ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವರು ಯಾರೂ ಇರಲಿಲ್ಲ. ನಾನು ದಾಟಿದೆ. ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಮುಗಿಸಿ, ಹೈದರಾಬಾದಿನಲ್ಲಿ ಕಣ್ಣು ಅಳೆಯುವ ವಿದ್ಯೆಯ ಪದವಿ ಪಡೆದೆ. ಅಲ್ಲಿ ಮೊದಲ ವರ್ಷ ಪಾಠದ ಇಂಗ್ಲಿಷು ಅರ್ಥವಾಗದೆ, ಒಂದೊಂದು ಶಬ್ದವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೇನೆ. ಒಂದು ವಿಷಯದಲ್ಲಿ ಎರಡು ಸಲ ನಪಾಸಾಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಮೂರನೆಯ ಸಲ ಪಾಸಾದೆ. ಪದವಿ ಪ್ರದಾನದ ದಿನ ಅಪ್ಪ, ಅವ್ವ ರೈಲಿನಲ್ಲಿ ಬಂದು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ, "ಯವ್ವಾ, ನಾ ವೇದಿಕಿ ಮ್ಯಾಲ ಬಂದಾಗ ನೋಡ್ದಿಲ್ಲ?" ಎಂದು ಕೇಳಿದೆ.

"ಎಲ್ಲಾರೂ ಕರೀ ಅಂಗಿ ಹಾಕ್ಕೊಂಡಿದ್ರಿ. ನಾ ಎಲ್ಲಾರಿಗೂ ಚಪ್ಪಾಳಿ ಹೊಡದೆ. ನಿನಗೂ ಒಂದು ಬಂದಿರ್ತದ ಬಿಡು," ಎಂದಳು.

ನಾನು ನಕ್ಕುಬಿಟ್ಟೆ. ಕಣ್ಣಿನ ಪದವಿಯ ಪ್ರಮಾಣಪತ್ರ ಕೈಯಲ್ಲಿ ಹಿಡಿದುಕೊಂಡು, ಅವಳಿಗೆ ನಾನು ಕಂಡಿಲ್ಲ ಎಂಬುದು ತಿಳಿಯದೆ ನಕ್ಕೆ.

ಈಗ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಕಣ್ಣಿನ ದವಾಖಾನೆಯಲ್ಲಿ ಕೆಲಸ ಮಾಡುತ್ತೇನೆ, ಖೂಬಾ ಪ್ಲಾಟಿನಲ್ಲಿ ಬಾಡಿಗೆ ಮನೆ. ಊರಲ್ಲಿ ನನ್ನನ್ನು 'ಚಾಳೀಸಿನ ಡಾಕ್ಟರ್' ಎನ್ನುತ್ತಾರೆ. ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಎಂದೇ ಹೆಸರು. ನಾನು ಡಾಕ್ಟರ್ ಅಲ್ಲ, ಅಳೆಯುವವಳು ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ. ಗದ್ದ ಊರಿ, ಹಣೆ ಒತ್ತಿ ಕೂತರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರವನ್ನು ಸಂಜೆ ಒರೆಸುವಾಗ ಅದರ ಹಣೆಪಟ್ಟಿಯ ಮೇಲೆ ವಿಭೂತಿ, ಕುಂಕುಮ, ಗೋಪಿಚಂದನ ಮೂರೂ ಇರುತ್ತವೆ, ದರ್ಗಾ ಇರುವ ರೋಜಾ ಬಡಾವಣೆಯ ಕಡೆಯಿಂದ ಬಂದವರ ಅತ್ತರಿನ ವಾಸನೆಯೂ ಇರುತ್ತದೆ. ಅದನ್ನು ಒರೆಸುವುದು ನನಗೆ ಇಷ್ಟದ ಕೆಲಸ.

ಕಮಲಾಪುರದಲ್ಲಿ ತಪಾಸಣಾ ಶಿಬಿರ ಮಾಡಿದಾಗ ಅರ್ಧ ಊರಿನ ಕಣ್ಣು ನೋಡಿದ್ದೆ. ಅವ್ವನದು ಮಾತ್ರ ನೋಡಲಿಲ್ಲ. "ನಮ್ಮವ್ವಗ ಅರವತ್ತಾದ್ರೂ ಚಾಳೀಸಿಲ್ರೀ" ಎಂದು ಡಾಕ್ಟರರ ಮುಂದೆ ಹೆಮ್ಮೆಯಿಂದ ಹೇಳಿದವಳೂ ನಾನೇ. ಅರವತ್ತರ ವಯಸ್ಸಿನಲ್ಲಿ ಬರಿಗಣ್ಣಿಂದ ಸೂಜಿ ಪೋಣಿಸುವವರು ಸಿಕ್ಕರೆ, ಅವರಿಗೆ ದೂರದ್ದು ಕಾಣಿಸುತ್ತದೆಯೋ ಇಲ್ಲವೋ ಎಂದು ಮೊದಲು ನೋಡಬೇಕು. ಇದು ನಮಗೆ ಮೊದಲ ವರ್ಷವೇ ಕಲಿಸಿದ ಪಾಠ. ಬೇರೆಯವರ ಅವ್ವಂದಿರ ವಿಷಯದಲ್ಲಿ ನನಗದು ಎಂದೂ ಮರೆತಿಲ್ಲ.

ಹೋದ ವರ್ಷ ಒಂದು ದಿನ ಕಾಕಿಯ ಫೋನ್ ಬಂತು. ಅವಳೆಂದೂ ನನಗೆ ಫೋನ್ ಮಾಡಿದವಳಲ್ಲ.

"ನಿಮ್ಮವ್ವ ಇವತ್ತು ಸೂಜಿ ಪೋಣಿಸ್ಲಿಲ್ಲ. ಮೂರು ಸಲ ನೋಡಿದಳು, ಆಗ್ಲಿಲ್ಲ. ಈಗಿನ ಸೂಜಿಗಿ ತೂತೇ ಸರಿ ಇಡಂಗಿಲ್ಲ ಅಂತ ಕಂಪನಿಯವ್ರಿಗಿ ಬೈದಳು. ನಾ ಸುಮ್ನ ಸೂಜಿ ಇಸ್ಕೊಂಡು ಬಂದೀನಿ. ಕರ್ಕೊಂಡು ಹೋಗ ಯವ್ವಾ ಆಕಿನ್ನ."

ಹೇಳುವಾಗ ಕಾಕಿಯ ದನಿಯಲ್ಲಿ ಸೊಕ್ಕಿನಾಕಿಯ ಮೇಲಿನ ಸಿಟ್ಟು ಚೂರೂ ಇರಲಿಲ್ಲ.

ಅಪ್ಪನೇ ಅವಳನ್ನು ಬಸ್ಸಿನಲ್ಲಿ ಕರೆತಂದ. ಸ್ಲಿಟ್ ಲ್ಯಾಂಪಿನಲ್ಲಿ ನೋಡಿದೆ. ಬಲಗಣ್ಣಿನ ಮಸೂರ ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಎಡಗಣ್ಣಿನಲ್ಲಿ ಈಗಷ್ಟೇ ಶುರು, ಆದರೆ ಒಂದೇ ಕಣ್ಣಿನಿಂದ ಸೂಜಿ ಪೋಣಿಸುವುದು ಸುಲಭವಲ್ಲ. ಆಮೇಲೆ ದೀಪ ಆರಿಸಿ ರೆಟಿನೊಸ್ಕೋಪ್ ಹಿಡಿದೆ. ಅದು ಟಾರ್ಚಿನಂಥ ಒಂದು ಉಪಕರಣ. ಅದರ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಅತ್ತಿತ್ತ ಆಡಿಸಿದರೆ ಒಳಗಿನಿಂದ ಕೆಂಪಗೆ ಒಂದು ಹೊಳಪು ಮರಳಿ ಬರುತ್ತದೆ. ಹೊಳಪು ಯಾವ ಕಡೆ ಸರಿಯುತ್ತದೆ ಎಂಬುದರ ಮೇಲೆ ನಂಬರ್ ಹೇಳಬಹುದು. ಓದು ಬಾರದವರನ್ನಾಗಲಿ, ತೊಟ್ಟಿಲ ಕೂಸನ್ನಾಗಲಿ ಅದು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ಅದಕ್ಕೇ ಅದರ ಮೇಲೆ ನನಗೆ ಪ್ರೀತಿ ಹೆಚ್ಚು. ಅವ್ವನ ಎಡಗಣ್ಣಿನ ಹೊಳಪು ನನ್ನ ಬೆಳಕಿಗೆ ಎದುರಾಗಿ ಓಡಿತು. ದೂರ ಕಾಣದ ಕಣ್ಣು. ಮೈನಸ್ ಮೂರು.

ಮೋತಿಬಿಂದುವಿನಿಂದಲೂ ಹೀಗಾಗುವುದುಂಟು ಎಂದು ಸಮಾಧಾನ ಮಾಡಿಕೊಂಡು ಕಣ್ಣಿನ ಉದ್ದ ಅಳೆಯಲು ಕೂತೆ. ಆಪರೇಶನ್ನಿನಲ್ಲಿ ಒಳಗೆ ಕೂರಿಸುವ ಮಸೂರ ಎಷ್ಟು ಪವರಿನದಿರಬೇಕು ಎಂದು ಲೆಕ್ಕ ಹಾಕಲು ಆ ಉದ್ದ ಬೇಕು. ಮರಗಟ್ಟಿಸುವ ಔಷಧಿ ಹಾಕಿ, ಪೆನ್ನಿನಂಥ ಸಲಾಕೆಯನ್ನು ಕಪ್ಪುಗುಡ್ಡೆಗೆ ಮುಟ್ಟಿಸಬೇಕು.

"ಕಣ್ಣಾಗ ಪೆನ್ನು ಚುಚ್ಚಾಕತ್ತಿಯಲ್ಲ!"

"ಚುಚ್ಚಂಗಿಲ್ಲ, ಮುಟ್ಟಿಸ್ತೀನಿ ಅಷ್ಟೇ. ಅಳ್ಳಾಡಬ್ಯಾಡ."

"ಸಣ್ಣಾಕಿದ್ದಾಗ ನಿನಗ ಕಾಡಿಗಿ ಹಚ್ಚಬೇಕಂದ್ರ ಓಣಿ ತುಂಬ ಓಡಾಡಿಸ್ತಿದ್ದಿ. ಈಗ ನನ್ನ ಕಣ್ಣಿಗೇ ಕೈ ಹಾಕೀದಿ."

ಸಾಮಾನ್ಯ ಕಣ್ಣು ಇಪ್ಪತ್ತಮೂರು, ಇಪ್ಪತ್ತಮೂರೂವರೆ ಮಿಲಿಮೀಟರ್. ಅವ್ವನ ಎರಡೂ ಕಣ್ಣು ಇಪ್ಪತ್ತೈದರ ಹತ್ತಿರ. ಮೋತಿಬಿಂದು ಕಣ್ಣನ್ನು ಉದ್ದ ಮಾಡುವುದಿಲ್ಲ. ಅಂದರೆ ಅವಳ ಕಣ್ಣು ಹರೆಯದಿಂದಲೂ ಹೀಗೆಯೇ ಇತ್ತು. ಸೂಜಿ ಕಂಡದ್ದೂ ಕಾಕಿ ಕಾಣದೆ ಹೋದದ್ದೂ ಆ ಒಂದೂವರೆ ಮಿಲಿಮೀಟರಿನಿಂದಲೇ. 

ನಮ್ಮ ಡಾಕ್ಟರರು ಮಾತು ಕಡಿಮೆ. ಲೆಕ್ಕದ ಹಾಳೆ ನೋಡಿ, "ದೂರದ್ದು ಕಾಣೂಹಂಗ ಹಾಕೋಣಲ್ಲ? ಎಲ್ಲಾರಿಗೂ ಹಾಕೋದು ಅದೇ. ಹತ್ರದ್ದಕ್ಕ ಚಾಳೀಸು ಕೊಟ್ರಾತು," ಎಂದರು.

ಅಪ್ಪನಿಗೂ ಅದೇ ಬೇಕಿತ್ತು. "ದೂರದ್ದೇ ಹಾಕ್ರೀ ಸಾಹೇಬ್ರ. ಮೊನ್ನೆ ಹುಮನಾಬಾದ್ ರೋಡ್ ದಾಟುವಾಗ ಮೋಟರ್‌ಸೈಕಲ್ ಬಂದದ್ದು ಈಕಿಗಿ ಕಾಣ್ಸೇ ಇಲ್ಲ. ನಾ ಸೆರಗು ಹಿಡ್ದು ಜಗ್ಗಿದ್ದಕ್ಕ ಉಳಿದಾಳ." ನನಗೂ ಅದೇ ಬೇಕಿತ್ತು. ಅವ್ವ ಒಂದು ಸಲವಾದರೂ ರಸ್ತೆಯ ಆಚೆ ಬದಿಯಿಂದ ನನ್ನ ಮುಖ ನೋಡಲಿ ಎಂಬ ಆಸೆ. ಅವ್ವ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಪ್ಪ ಚಹಾ ಕುಡಿದು ಬರುತ್ತೇನೆಂದು ಕೆಳಗೆ ಹೋದ.

ತೋರಿಸಿಬಿಡೋಣ ಎನಿಸಿತು. ಮಸೂರಗಳನ್ನು ಹಾಕಿ ತೆಗೆಯುವ ದುಂಡನೆಯ ಟ್ರಯಲ್ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿದೆ. ಬಲಗಣ್ಣಿಗೆ ಕಪ್ಪು ತಟ್ಟೆ, ಎಡಗಣ್ಣಿಗೆ ಮೈನಸ್ ಮೂರು. ಕೈಹಿಡಿದು ಕಿಟಕಿಯ ಹತ್ತಿರ ನಿಲ್ಲಿಸಿದೆ. ನಮ್ಮದು ಎರಡನೇ ಮಹಡಿ, ಕೆಳಗೆ ರಸ್ತೆ, ಆಟೋ, ಜನ. ಅವ್ವ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದಳು. ಏನಾದರೂ ದೊಡ್ಡ ಮಾತು ಹೇಳುತ್ತಾಳೆಂದು ನಾನು ಕಾದೆ.

"ಅಯ್ಯ! ನಿಮ್ಮಪ್ಪ ಮಿರ್ಚಿ ತಿನ್ನಾಕತ್ತಾನ!"

ಬಗ್ಗಿ ನೋಡಿದೆ. ನಿಜ. ಬಿಪಿಗೆ ಗುಳಿಗೆ ನುಂಗುವ, ಎಣ್ಣೆ ಪದಾರ್ಥ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ ಅಪ್ಪ, ರಸ್ತೆಯಾಚೆಯ ಬಂಡಿಯ ಮುಂದೆ ಕಾಗದದಲ್ಲಿ ಮಿರ್ಚಿಭಜಿ ಹಿಡಿದು ನಿಂತಿದ್ದ.

"ಎರಡನೇದು ಅದ ಅದು. ಇಷ್ಟು ವರ್ಷ ನಾ ಬಾಜೂಕ ಇದ್ದಾಗ ಎಷ್ಟು ತಿಂದಾನೋ ಏನೋ," ಎಂದು ಅವ್ವ ನಕ್ಕಳು. ಆ ನಗುವಿನಲ್ಲಿ ಕೇಸು ಗೆದ್ದೆ ಎಂದುಕೊಂಡೆ. ಆದರೆ ಅವ್ವ ಅಷ್ಟಕ್ಕೆ ಬಿಡಲಿಲ್ಲ. ಕುಪ್ಪಸದ ಬಾಯಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಕಣ್ಣ ಮುಂದೆ ಹಿಡಿದಳು. ಹತ್ತಿರ ತಂದಳು. ತೋಳು ಚಾಚಿ ದೂರ ಒಯ್ದಳು. ಸೂಜಿ ಬಿಟ್ಟು ಅಂಗೈ ನೋಡಿಕೊಂಡಳು.

"ಮಂದಿ ಬಂದ್ರು, ಕೈ ಹೋತಲ್ಲ?" ಎಂದಳು. ಆಮೇಲೆ ಫ್ರೇಮಿನ ಮಸೂರ ಮುಟ್ಟಿ, "ಒಳಗ ಹಾಕಿದ್ರೂ ಹಿಂಗೇ ಆಗ್ತದೇನು?"

"ಹಿಂಗೇ. ಹೊಲಿಯುವಾಗ ಚಾಳೀಸು ಹಾಕ್ಕೋಬೇಕು."

"ಸಾಯೋತನಕ?"

"ಹೂಂ."

"ಹಂಗಾದ್ರ ತೆಗಿ ಇದನ್ನ." ಅವಳೇ ಫ್ರೇಮು ತೆಗೆದು ನನ್ನ ಕೈಗಿಟ್ಟಳು. "ಮಂದೀನ್ನ ನಾ ನಡಗಿ ಮ್ಯಾಲ ಗುರುತು ಹಿಡೀತೀನಿ, ಕೆಮ್ಮಿದ್ರ ಗುರುತು ಹಿಡೀತೀನಿ. ಕೈ ಕಾಣ್ದಿದ್ರ ನಾ ಏನ್ ಮಾಡ್ಲಿ? ಚಾಳೀಸು ರಸ್ತಾಕ್ಕ ಕೊಡು, ಹಾಕ್ಕೋತೀನಿ. ಕೌದಿಗಿ ಬ್ಯಾಡ. ದಿನಾ ಬೆಳಗಿಂದ ಸಂಜಿತನಕ ಕೂಡೋದು ಕೌದಿ ಮುಂದ, ರಸ್ತಾದಾಗ ಅಲ್ಲ."

ನಾನು ಏನೇನೋ ಹೇಳಿ ನೋಡಿದೆ. ಕೊನೆಗೆ ಡಾಕ್ಟರರ ಮುಂದೆ ಹೋಗಿ ಹತ್ತಿರಕ್ಕೇ ಇಡೋಣ ಸರ್ ಎಂದೆ. ಅವರು ಎರಡು ಸಲ ಕೇಳಿದರು. ಆಮೇಲೆ, "ಅವ್ವಾರು ಹೇಳೋದು ಸರಿ ಅದ. ಆದ್ರ ಎಷ್ಟು ಹತ್ರ? ಅದನ್ನ ಅಳತಿ ಮಾಡ್ಕೊಂಡು ಬಂದು ಹೇಳು," ಎಂದರು.

ಎಷ್ಟು ಹತ್ತಿರ ಎಂದು ಹೇಳುವ ಯಂತ್ರ ನಮ್ಮ ದವಾಖಾನೆಯಲ್ಲಿ ಇಲ್ಲ. ಭಾನುವಾರ ಕಮಲಾಪುರಕ್ಕೆ ಹೋದೆ. ಅವ್ವನನ್ನು ಅಂಗಳದಲ್ಲಿ ಅವಳು ಯಾವಾಗಲೂ ಕೂರುವಂತೆ ಕೂರಿಸಿ, ತೊಡೆಯ ಮೇಲೆ ಕೌದಿ ಹರಡಿ, ಹೊಲಿ ಎಂದೆ. ಸೂಜಿಯನ್ನು ಕಾಕಿಯೇ ತನ್ನ ಮೊಮ್ಮಗಳ ಕೈಯಲ್ಲಿ ಪೋಣಿಸಿಕೊಂಡು ತಂದಿದ್ದಳು. ಬಲಗಣ್ಣು ಮಂಜಾಗಿದ್ದರೂ ಅವ್ವ ರೂಢಿಯ ಮೇಲೆ ಹೊಲಿಯತೊಡಗಿದಳು. ನಾನು ಟೇಪು ಬಿಚ್ಚುವಷ್ಟರಲ್ಲಿ ತಾನೇ ಕಣ್ಣಿನಿಂದ ಬಟ್ಟೆಯವರೆಗೆ ಕೈಯಿಟ್ಟು ತೋರಿಸಿದಳು.

"ಒಂದು ಗೇಣು, ನಾಲ್ಕು ಬೆರಳು. ಮದವಿ ಆಗಿ ಬಂದಾಗಿಂದ ಇಷ್ಟೇ. ಬರ್ಕೋ."

ಟೇಪು ಹಿಡಿದು ನೋಡಿದೆ. ಮೂವತ್ತಮೂರು ಸೆಂಟಿಮೀಟರಿಗೆ ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ದೂರಕ್ಕೆ ಸರಿಯಾಗಿ ಕಾಣಬೇಕಾದರೆ ಕಣ್ಣು ಮೈನಸ್ ಮೂರರಲ್ಲಿ ನಿಲ್ಲಬೇಕು.

"ಏನ್ ಅಳೀತಾಳಕ್ಕ ಇಕಿ?" ಎಂದಳು ಕಾಕಿ.

"ನನ್ನ ಸೊಕ್ಕು ಅಳ್ಯಾಕತ್ತಾಳ," ಎಂದಳು ಅವ್ವ. ಕಾಕಿ ಸೆರಗು ಬಾಯಿಗಿಟ್ಟು ನಕ್ಕಳು. ಕಣ್ಣಿನ ಉದ್ದದ ಕಥೆಯನ್ನು ನಾನಾಗಲೇ ಅವಳಿಗೆ ಹೇಳಿಯಾಗಿತ್ತು.

ಆಪರೇಶನ್ನಿನ ಹಿಂದಿನ ದಿನ ಬಲಗಣ್ಣನ್ನು ಮತ್ತೆ ಅಳೆದೆ. ಸಲಾಕೆಯನ್ನು ಸ್ವಲ್ಪ ಒತ್ತಿದರೂ ಕಣ್ಣು ಒಳಸರಿದು ಉದ್ದ ಕಡಿಮೆ ತೋರಿಸುತ್ತದೆ. ಅರ್ಧ ಮಿಲಿಮೀಟರ್ ತಪ್ಪಿದರೆ ಒಂದು ನಂಬರಿಗಿಂತ ಹೆಚ್ಚೇ ತಪ್ಪುತ್ತದೆ, ಅವ್ವನ ಸೂಜಿ ಒಂದು ಗೇಣು ನಾಲ್ಕು ಬೆರಳಿನ ಜಾಗದಲ್ಲಿ ಇರುವುದಿಲ್ಲ.  ಹತ್ತು ಸಲ ಅಳೆದೆ, ಮೂರನ್ನು ಅಳಿಸಿದೆ, ಮತ್ತೆ ಮೂರು ಸಲ ಅಳೆದೆ. ಅವ್ವ ಎದುರಿನ ಕೆಂಪು ದೀಪ ನೋಡುತ್ತ ಕೂತಿದ್ದಳು. ಲೆಕ್ಕ ಬಂದ ಮೇಲೆ ಹಾಳೆಯ ಕೆಳಗೆ ನನ್ನ ಸಹಿ ಹಾಕಿದೆ. ಪದವಿ ಬಂದ ಮೇಲೆ ಎಷ್ಟೋ ಹಾಳೆಗಳಿಗೆ ಸಹಿ ಹಾಕಿದ್ದೇನೆ. ಅಷ್ಟು ನಿಧಾನವಾಗಿ ಯಾವುದಕ್ಕೂ ಹಾಕಿರಲಿಲ್ಲ.

ಡಾಕ್ಟರರ ಕೈ ಚೆನ್ನಾಗಿತ್ತು, ಆಪರೇಶನ್ ಸರಾಗವಾಗಿ ಮುಗಿಯಿತು. ಆದರೂ ಕಣ್ಣು ಗಟ್ಟಿಯಾಗಿ ನಿಲ್ಲುವವರೆಗೆ ನಂಬರ್ ಹೇಳಲಾಗದು. ಒಂದು ತಿಂಗಳು ಕಾದೆ. ಅಷ್ಟು ದಿನ ಅವ್ವನನ್ನು ಸೂಜಿ ಮುಟ್ಟಲು ಬಿಟ್ಟಿರಲಿಲ್ಲ. ತಿಂಗಳಾದ ಮೇಲೆ ಅವಳು ದವಾಖಾನೆಗೆ ಬಂದಾಗ ಮತ್ತೆ ಕತ್ತಲೆಕೋಣೆ, ಮತ್ತೆ ರೆಟಿನೊಸ್ಕೋಪ್. ಬಲಗಣ್ಣಿನೊಳಗಿನ ಹೊಳಪು ಈಗ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಒಂದೊಂದೇ ಮಸೂರ ಹಿಡಿಯುತ್ತ ಹೋದೆ. ಹೊಳಪಿನ ಓಟ ನಿಂತಲ್ಲಿ ನಂಬರ್ ನೋಡಿದೆ: ಮೈನಸ್ ಎರಡೂ ಮುಕ್ಕಾಲು. ಕಾಲು ನಂಬರ್ ಅತ್ತಿತ್ತ ಆಗುವುದು ಎಲ್ಲ ಕಡೆ ಇದ್ದದ್ದೇ.

"ಎರಡು ಬೆರಳು ದೂರ ಹಿಡಿಬೇಕಾಗ್ತದ ಅಷ್ಟೇ, ಯವ್ವಾ," ಎಂದೆ.

"ಸೂಜಿ ಕೊಡು ಇಲ್ಲಿ, ನೋಡ್ತೀನಿ," ಎಂದಳು. ಪೋಣಿಸಿದಳು.  ದಾರಕ್ಕೆ ಗಂಟು ಹಾಕಿ ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿಕೊಂಡು, ಎಡಗಣ್ಣಿಗೂ ಇದೇ ಅಳತೆ ಇರಲಿ ಎಂದಳು.

ನಾನು ಎಡಗಣ್ಣಿನ ಆಪರೇಶನ್ನಿಗೆ ಹೊಸ ಕೇಸ್ ಪೇಪರ್ ತುಂಬತೊಡಗಿದೆ. ಹೆಸರು, ವಯಸ್ಸು, ಊರು ಆದ ಮೇಲೆ ಉದ್ಯೋಗ ಎಂದೊಂದು ಕಲಂ ಇದೆ. ಹೊಲ, ಮನೆ ನೋಡಿಕೊಳ್ಳುವ ಹೆಂಗಸರು ಬಂದರೆ ಯೋಚಿಸದೆ 'ಮನೆಗೆಲಸ' ಎಂದು ಬರೆದು ಮುಂದೆ ಹೋಗುತ್ತೇವೆ. ಅವತ್ತು ಅಲ್ಲಿ ಪೆನ್ನು ನಿಂತಿತು.

"ಏನ್ ಬರ್ಯಾಕತ್ತಿ ಅಷ್ಟೊತ್ತು?"

"ನಿನ್ನ ಉದ್ಯೋಗ. ಕೌದಿ ಹೊಲಿಯೋದು ಅಂತ."

ಅವ್ವ ಬಗ್ಗಿ ಹಾಳೆಯ ಮೇಲೆ ಕಣ್ಣಿಟ್ಟಳು. ಅಕ್ಷರ ಬಾರದಿದ್ದರೂ ಶಾಯಿ ಹಸಿಯಾಗಿರುವುದು ಅವಳಿಗೆ ಕಂಡಿತು.

"ಕುಂಚಿಗಿನೂ ಬರಿ," ಎಂದಳು.