ಹಪ್ಪಳದ ಡಬ್ಬಿಯ ಚೌಡಣ್ಣ

ಚೌಡಣ್ಣ ನನ್ನ ಅಂಗಡಿಗೆ ಬಂದನೆಂದರೆ ಅವನಿಗಿಂತ ಮುಂಚೆ ಹಲಸಿನ ಹಪ್ಪಳದ ವಾಸನೆ ಒಳಗೆ ಬರುತ್ತಿತ್ತು. ಹಾಗಂತ ಅವನೇನೂ ಹಪ್ಪಳ ಮಾರುವವನಲ್ಲ. ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ಕಾಂಪ್ಲೆಕ್ಸಿನಲ್ಲಿ ಕೆಳಗೆ ಅವನ ಕಂಪ್ಯೂಟರ್ ರಿಪೇರಿ ಅಂಗಡಿ, ಮೇಲೆ ನನ್ನ ಡಿಟಿಪಿ ಅಂಗಡಿ. ನನ್ನದು ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಹ್ಯಾಂಡ್‌ಬಿಲ್ಲು ಮಾಡುವ ಕೆಲಸ. ಆ ವಾಸನೆ ಅವನ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯದು. ಡಬ್ಬಿಯೊಳಗೆ ನನ್ನ ಕಂಪ್ಯೂಟರಿನ ನಕಲು ಇಳಿಸಿಟ್ಟ, ಬಟ್ಟೆ ಸುತ್ತಿದ ಹಾರ್ಡ್ ಡಿಸ್ಕು, ಅದರ ಸುತ್ತ ಚಪ್ಪಲಿ ಅಂಗಡಿಗಳಿಂದ ಬೇಡಿ ತಂದ ತೇವ ಹೀರುವ ಪುಟ್ಟ ಪೊಟ್ಟಣಗಳು.

"ಮಳೆಗಾಲದಲ್ಲಿ ಈ ಊರಲ್ಲಿ ಒಣಗಿರೋ ಜಾಗ ಒಂದೇ ಕಣೆ ಸುಮಿತ್ರ, ಹಪ್ಪಳದ ಡಬ್ಬಿ. ಬೀರುವೊಳಗೆ ಇಟ್ಟ ಸೀರೆಗೆ ಬೂಷ್ಟು ಹಿಡೀತದೆ, ಪಾಸ್‌ಬುಕ್ಕಿಗೆ ಹಿಡೀತದೆ, ನಮ್ಮನೆ ಹಪ್ಪಳಕ್ಕೆ ಹಿಡ್ದಿದ್ದು ನೋಡಿದೀಯಾ?" ಎಂದು ಕೇಳುತ್ತಿದ್ದ. ಹಪ್ಪಳ ಖಾಲಿಯಾಗುವವರೆಗೆ ಡಿಸ್ಕೂ ಹಪ್ಪಳವೂ ಒಂದೇ ಡಬ್ಬಿಯಲ್ಲಿ ಸಂಸಾರ ಮಾಡುತ್ತಿದ್ದವು. ಕೊನೆಗೆ ಅವನ ಹೆಂಡತಿ ಗಂಗಕ್ಕ ಬೈದು ಬೇರೆ ಡಬ್ಬಿ ಕೊಟ್ಟಳು. ವಾಸನೆ ಮಾತ್ರ ಡಿಸ್ಕನ್ನು ಬಿಡಲಿಲ್ಲ.

ಊರವರು ಅವನನ್ನು ಬ್ಯಾಕಪ್ ಚೌಡಪ್ಪ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ, ಎದೆ ಇನ್ನೂ ಎರಡಂಗುಲ ಮುಂದೆ ಬರುತ್ತಿತ್ತು. ಬರೀ ಫೈಲುಗಳನ್ನು ಕಾಪಿ ಮಾಡಿಟ್ಟುಕೊಳ್ಳುವವರನ್ನು ಕಂಡರೆ ಅವನಿಗೆ ತಾತ್ಸಾರ. "ನಾಳೆ ಮಿಷನ್ ಸತ್ರೆ ನಿನ್ ಫೈಲ್ ಇಟ್ಕಂಡು ಎಂತ ಮಾಡ್ತೀಯ? ಸಾಫ್ಟ್‌ವೇರ್ ಹಾಕ್ಬೇಕು, ಕನ್ನಡ ಫಾಂಟ್ ಹಾಕ್ಬೇಕು, ಕೀಬೋರ್ಡ್ ಕೂರಿಸ್ಬೇಕು, ಪ್ರಿಂಟರ್ ಹೊಂದಿಸ್ಬೇಕು. ಅಷ್ಟ್ರಲ್ಲಿ ಮದುವೆ ಮುಗ್ದು ಹೆಣ್ಣು ಬಸುರಿ ಆಗಿರ್ತಾಳೆ. ಇಡೀ ಡಿಸ್ಕನ್ನೇ ಹಂಗಂಗೇ ಇನ್ನೊಂದು ಡಿಸ್ಕಿಗೆ ಇಳಿಸ್ಬೇಕು. ಸತ್ತದ್ದನ್ನ ತೆಗಿ, ಇದನ್ನ ಹಾಕು, ಬಟನ್ ಒತ್ತು, ಕೆಲಸ ಮಾಡು. ಅದು ಬ್ಯಾಕಪ್ಪು!" ಎಲ್ಲವನ್ನೂ ಆನ್‌ಲೈನಿನಲ್ಲಿ ಇಟ್ಟರಾಯಿತಲ್ಲ ಎಂದು ನಾನೊಮ್ಮೆ ಅಂದೆ. "ನಾಲ್ಕು ಹನಿ ಬಿದ್ರೆ ನೆಟ್ ಹೋಗ್ತದೆ. ನೀನು ಆಕಾಶ ನೋಡ್ತಾ ಕೂತಿರು" ಎಂದ.

ಇಷ್ಟಕ್ಕೇ ಬಿಡುವ ಜೀವ ಅದಲ್ಲ. ಪ್ರತಿ ಅಮಾವಾಸ್ಯೆಗೆ ನನಗೊಂದು ಪರೀಕ್ಷೆ ಇರುತ್ತಿತ್ತು. ಅಮಾವಾಸ್ಯೆಯೇ ಯಾಕೆಂದರೆ, ಆ ದಿನ ಯಾರೂ ಕರೆಯೋಲೆ ಮಾಡಿಸಲು ಬರುವುದಿಲ್ಲ. ಚೌಡಣ್ಣ ಮೆಟ್ಟಿಲು ಹತ್ತಿ ಬಂದವನೇ ಮಾತಿಲ್ಲದೆ ನನ್ನ ಸಿಪಿಯು ಬಿಚ್ಚಿ, ಡಿಸ್ಕ್ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು, ಹೆಣದ ಮನೆಯವರ ಮುಖ ಮಾಡಿ, "ನಿನ್ ಮಿಷನ್ ಹೋಗ್ಬಿಡ್ತು ತಂಗಿ. ಈಗ ಎಂತ ಮಾಡ್ತೀಯ?" ಎನ್ನುತ್ತಿದ್ದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಎದುರಿನ ಭಟ್ಟರ ಹೋಟೆಲಿಗೆ ಕೂಗುತ್ತಿದ್ದ: "ಭಟ್ರೇ, ಮೇಲೆ ಎರಡು ಕಾಫಿ! ನಂದು ಗೊತ್ತಲ್ಲ?" ಅವನದ್ದು ಎಂದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆಯ ಕಾಫಿ. ಆ ಕಾಫಿ ಬರುವುದರೊಳಗೆ ನಾನು ಹಪ್ಪಳದ ಡಿಸ್ಕನ್ನು ಕೂರಿಸಿ ಕಂಪ್ಯೂಟರನ್ನು ಎಬ್ಬಿಸಬೇಕು. ಎದ್ದರೆ ಕಾಫಿ ಅವನ ಲೆಕ್ಕ, ಏಳದಿದ್ದರೆ ನನ್ನದು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಸ್ಕ್ರೂ ಬಿಚ್ಚಿ ಉಗುರು ಮುರಿದುಕೊಂಡಾಗಲೆಲ್ಲ ಈ ಮನುಷ್ಯನಿಗೆ ಬೇರೆ ಕೆಲಸವಿಲ್ಲವೇ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಕೆಲವು ಸಲ ಬಾಯಿಬಿಟ್ಟೂ ಬೈದಿದ್ದೇನೆ.

"ಇಟ್ಟಿದೀಯ, ಸರಿ. ತೆಗ್ದು ನೋಡಿದೀಯಾ?" ಎನ್ನುವುದು ಅವನ ಪಲ್ಲವಿ. ಡಿಸ್ಕಿಗೆ ಮಾತ್ರವಲ್ಲ, ಲೋಕಕ್ಕೆಲ್ಲ ಅದೇ. ತೀರ್ಥಹಳ್ಳಿಯ ಮದುವೆಮನೆಯೊಂದರಲ್ಲಿ ಅಡುಗೆಯವರ ಹತ್ತಿರ ಹೋಗಿ, ಹೆಚ್ಚಿನ ಸಿಲಿಂಡರ್ ಇಟ್ಟಿದೀರಿ ಸರಿ, ಹಚ್ಚಿ ನೋಡಿದೀರಾ ಎಂದು ಕೇಳಿ, ಹೋಳಿಗೆ ಬೇಯಿಸುತ್ತಿದ್ದವರಿಂದ ಸೌಟು ತೋರಿಸಿಕೊಂಡು ಬಂದಿದ್ದ. ಸೇತುವೆ ಆಗುವ ಮೊದಲು ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗ ಲೈಫ್ ಜಾಕೆಟ್ ಮೇಲೂ ಅವನ ಕಣ್ಣು ಬಿತ್ತು. ಹಾಕಿ ನೋಡಿದ. ಗಂಟನ್ನೂ ಅವನೇ ಬಿಗಿದ. ಆಚೆ ದಡ ಬಂತು, ಗಂಟು ಬಿಚ್ಚಲಿಲ್ಲ. ದೇವಿಯ ದರ್ಶನಕ್ಕೆಂದು ಬಂದ ಹೆಂಗಸರೆಲ್ಲ ಸುತ್ತ ನಿಂತು ನೋಡುತ್ತಿದ್ದರೆ, ಗಂಗಕ್ಕ ಹಲ್ಲಿನಿಂದ ಗಂಟು ಕಚ್ಚಿ ಬಿಡಿಸುತ್ತ, "ಮುಳುಗಿದ್ರೆ ಇವ್ರು ಉಳೀತಿದ್ರು, ನಾನು ನಾಚಿಕೆಯಿಂದ ಸತ್ತೆ" ಅಂದಳಂತೆ. ಇದನ್ನು ನನಗೆ ಹೇಳಿದವನು ಚೌಡಣ್ಣನೇ, ಹೊಟ್ಟೆ ಹಿಡಿದುಕೊಂಡು ನಗುತ್ತ.

ನನ್ನ ಬದುಕಿನ ಮೊದಲ ಪುಸ್ತಕದ ಕೆಲಸ ಬಂದದ್ದು ಒಂದು ವರ್ಷದ ಮಳೆಗಾಲದಲ್ಲಿ. ಹೊಸನಗರದ ಕಡೆಯ ಹಳ್ಳಿ ಶಾಲೆಯೊಂದಕ್ಕೆ ನೂರು ವರ್ಷ. ಅದರ ಸ್ಮರಣ ಸಂಚಿಕೆ. ಕಾರ್ಡು, ಹ್ಯಾಂಡ್‌ಬಿಲ್ಲುಗಳನ್ನು ಓದಿ ಬಿಸಾಡುತ್ತಾರೆ. ಪುಸ್ತಕ ಹಾಗಲ್ಲ, ಮನೆಯಲ್ಲಿ ಉಳಿಯುತ್ತದೆ. ಕೊನೆಯ ಪುಟದಲ್ಲಿ 'ಅಕ್ಷರ ವಿನ್ಯಾಸ: ಸುಮಿತ್ರ' ಎಂದು ಬೇರೆ ಹಾಕುತ್ತೇವೆ ಅಂದಿದ್ದರು. ಹಳೆಯ ವಿದ್ಯಾರ್ಥಿಗಳು ಕೈಯಲ್ಲಿ ಬರೆದು ಕಳಿಸಿದ್ದನ್ನೆಲ್ಲ ಕಣ್ಣು ಕಿರಿದು ಮಾಡಿ ಟೈಪು ಮಾಡಿದೆ. ಸಮಾರಂಭ ದೀಪಾವಳಿಗೆ ಮೊದಲು. ಶಿವಮೊಗ್ಗದ ಪ್ರೆಸ್ಸಿನವರು ಹೇಳಿದ್ದು ಇಷ್ಟು: ವಿಜಯದಶಮಿಯ ಬೆಳಿಗ್ಗೆ ಶುಭಾರಂಭಕ್ಕೆ ನಿಮ್ಮ ಪುಸ್ತಕವನ್ನೇ ಮೆಷಿನ್ನಿಗೆ ಹಾಕುತ್ತೇವೆ, ಹಿಂದಿನ ಸಂಜೆಯೊಳಗೆ ಫೈಲು ಬರಬೇಕು, ತಪ್ಪಿದರೆ ದೀಪಾವಳಿ ಮುಗಿದ ಮೇಲೆಯೇ. ಅಂದರೆ ಸಮಾರಂಭಕ್ಕೆ ಪುಸ್ತಕವಿಲ್ಲ, ನನಗೆ ಮುಖವಿಲ್ಲ.

ಆ ಹಿಂದಿನ ದಿನ ಎಂದರೆ ಆಯುಧಪೂಜೆ. ಚೌಡಣ್ಣ ಅದರ ಹಿಂದಿನ ಸಂಜೆಯೇ ಬಂದು ನನ್ನ ಕಂಪ್ಯೂಟರನ್ನು ಇಡಿಯಾಗಿ ಹಪ್ಪಳದ ಡಿಸ್ಕಿಗೆ ಇಳಿಸಿ, ಡಿಸ್ಕನ್ನು ಮನೆಗೆ ಒಯ್ದಿದ್ದ. "ಇದೂ ಆಯುಧವೇ. ಗಂಗೆ ದೇವರ ಮುಂದೆ ಇಡ್ತಾಳೆ" ಅಂದಿದ್ದ. ಬೆಳಿಗ್ಗೆ ಕಾಂಪ್ಲೆಕ್ಸಿನ ಮೆಷಿನ್ನುಗಳಿಗೆಲ್ಲ ಪೂಜೆ ಮಾಡಿದವನೂ ಅವನೇ. ಹೊಸ ಪಂಚೆ, ಹಣೆ ತುಂಬ ಕುಂಕುಮ. ನನ್ನ ಸಿಪಿಯುಗೆ ಸೇವಂತಿಗೆ ಹಾರ ಹಾಕಿ, ಮಾವಿನೆಲೆಯನ್ನು ತಂಬಿಗೆಯಲ್ಲಿ ಅದ್ದಿ ಅದ್ದಿ ತೀರ್ಥ ಪ್ರೋಕ್ಷಿಸಿದ. ನಿನ್ನ ಪುಸ್ತಕಕ್ಕೆ ಒಳ್ಳೇದಾಗ್ಲಿ ಎಂದು ಇನ್ನೊಂದು ಸಲ. ಇವತ್ತು ಮೆಷಿನ್ ಮುಟ್ಟಬೇಡ ಎಂದೂ ಹೇಳಿ ಹೋದ.

ಮುಟ್ಟದೆ ಆಗುತ್ತದೆಯೇ? ಮುಖ್ಯೋಪಾಧ್ಯಾಯರ ಎರಡು ಮಾತು ಸೇರಿಸುವುದು ಬಾಕಿ ಇತ್ತು. ಊಟ ಮುಗಿಸಿ ಬಂದು, ದೇವರಿಗೆ ತಪ್ಪಾಯಿತು ಎಂದು ಕೈಮುಗಿದು ಬಟನ್ ಒತ್ತಿದೆ. ಒಳಗಿನಿಂದ ಚಟ್ ಎಂದಿತು. ಸುಟ್ಟ ವಾಸನೆ ಬಂತು. ಆಮೇಲೆ ಏನೂ ಇಲ್ಲ.

ನಾನು ಕಿರುಚಿದ್ದು ಭಟ್ಟರ ಹೋಟೆಲಿಗೂ ಕೇಳಿತಂತೆ. ಚೌಡಣ್ಣ ಕೆಳಗಿನಿಂದ ಓಡಿಬಂದು ಸಿಪಿಯು ಬಿಚ್ಚಿ ಟಾರ್ಚ್ ಬಿಟ್ಟ. ಒಳಗೆ ಬೋರ್ಡಿನ ಮೇಲೆ ತೀರ್ಥದ ಕೊಳ, ಅದರಲ್ಲಿ ಒಂದು ತುಳಸಿ ಎಲೆ. ಬೋರ್ಡು, ಡಿಸ್ಕು ಎರಡೂ ಕೈಲಾಸ ಸೇರಿದ್ದವು. ಚೌಡಣ್ಣ ತುಳಸಿಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಸ್ವಲ್ಪ ಜಾಸ್ತಿ ಆತು ಕಾಣ್ತದೆ" ಎಂದ.

"ಜಾಸ್ತಿಯಾ? ಅಭಿಷೇಕ ಮಾಡಿದೀಯಲ್ಲ ಮಾರಾಯ! ನಿನ್ನ ಮಿಷನ್ನಿಗೂ ಹಿಂಗೇ ಮಾಡಿದ್ಯಾ?"

"ಛೆ ಛೆ, ನಮ್ದಕ್ಕೆ ಬರೀ ಕುಂಕುಮ" ಅಂದ ಅವನು, ನಾಚಿಕೆಯಿಲ್ಲದೆ. ಆಮೇಲೆ ನನ್ನ ಕಣ್ಣಲ್ಲಿ ನೀರು ನೋಡಿ ದನಿ ಇಳಿಸಿದ. "ಅಳ್ಬೇಡ. ಕೆಳಗೆ ನಿಂದೇ ಮಾಡೆಲಿನ ಖಾಲಿ ಮಿಷನ್ ಇದೆ. ಡಿಸ್ಕ್ ಮನೇಲಿದೆ. ಕಾಫಿ ಬರೋದ್ರೊಳಗೆ ಎಬ್ಬಿಸ್ತೀನಿ, ಸ್ಕೂಟರ್ ಹತ್ತು."

ವರದಹಳ್ಳಿ ರಸ್ತೆಯಲ್ಲಿ ಅವನ ಮನೆ. ಹೋಗಿ ನೋಡಿದರೆ ದೇವರ ಕೋಣೆಯಲ್ಲಿ ಕತ್ತಿ, ಕುಡುಗೋಲು, ಸ್ಕ್ರೂಡ್ರೈವರುಗಳ ನಡುವೆ ಡಿಸ್ಕು ಹಾರ ಹಾಕಿಕೊಂಡು, ಮೂರು ಬೊಟ್ಟು ಗಂಧ ಇಟ್ಟುಕೊಂಡು ಕೂತಿತ್ತು. ಚೌಡಣ್ಣ ಕೈ ಚಾಚಿದ. ಗಂಗಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನಾಳೆ ಬೆಳಿಗ್ಗೆ ಮರುಪೂಜೆ ಆಗೋವರೆಗೂ ಒಂದು ಮೊಳೆನೂ ಎತ್ತಂಗಿಲ್ಲ. ಹೋದ್ವರ್ಷ ನಾನು ತೆಂಗಿನಕಾಯಿ ಸುಲಿಯಾಕೆ ಕತ್ತಿ ತಗಂಡಿದ್ದಕ್ಕೆ ನೀವು ಊರೆಲ್ಲ ಕೇಳಂಗೆ ಕೂಗಾಡಿದ್ರಲ್ಲ, ಮರ್ತೋಯ್ತಾ?"

ಚೌಡಣ್ಣ ಚಾಚಿದ ಕೈ ಹಿಂದೆ ತೆಗೆದ. ಅವನಿಗೂ ದೇವಿಯ ಭಯ ಇತ್ತು. ನಾನು ಗಂಗಕ್ಕನಿಗೆ ಪುಸ್ತಕದ ಕಥೆಯನ್ನೆಲ್ಲ ಹೇಳಿದೆ. ಗಡಿಯಾರ ನೋಡುತ್ತ ಹೇಳಿದೆ. ಅವಳ ಮನಸ್ಸು ಕರಗಿತು, ಆದರೆ ಬಾಗಿಲು ಬಿಡಲಿಲ್ಲ. "ನಾನು ಹೇಳಾಕೆ ಯಾರು? ಅಮ್ಮನನ್ನೇ ಕೇಳಾನ" ಎಂದು ಪ್ರಸಾದ ಕೇಳುವ ಏರ್ಪಾಡು ಮಾಡಿದಳು. ದೇವಿಯ ತಲೆಯ ಎಡಬಲಕ್ಕೆ ಒದ್ದೆ ಹೂ ಅಂಟಿಸುವುದು, ಕೇಳಿಕೊಳ್ಳುವುದು; ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ.

ಚೌಡಣ್ಣ ಕೈಮುಗಿದ. "ತಾಯೀ, ಬ್ಯಾಕಪ್ ಡ್ರೈವ್ ತಗಳ್ಳಾ?" ಹೂ ಕದಲಲಿಲ್ಲ. ಗಂಗಕ್ಕ ಕಣ್ಣು ಮುಚ್ಚಿದ್ದಳು. ಚೌಡಣ್ಣ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಕಾಲ ಬೆರಳಲ್ಲಿ ಮೆಲ್ಲಗೆ ಟೇಬಲ್ ಫ್ಯಾನಿನ ಗುಂಡಿ ಒತ್ತಿದ. ಫ್ಯಾನು ಗೊರ್ ಎಂದು ಕತ್ತು ತಿರುಗಿಸಿತು. ಎಡಗಡೆಯ ಹೂ ಟಪ್ಪೆಂದು ಬಿತ್ತು.

"ಅದು ಲೆಕ್ಕಕ್ಕಿಲ್ಲ, ಗಾಳಿಗೆ ಬಿದ್ದದ್ದು!" ಎಂದು ಕಿರುಚಿದವನು ಅವನೇ.

ಗಂಗಕ್ಕ ಫ್ಯಾನು ಆರಿಸಿ, ಗಂಡನನ್ನು ಸುಡುವ ಹಾಗೆ ನೋಡಿ, ಕೆನ್ನೆ ಕೆನ್ನೆ ಬಡಿದುಕೊಂಡು ಹೊಸ ಹೂ ಇಟ್ಟಳು. "ನೀವು ಡ್ರೈವು ಗೀವು ಅಂದ್ರೆ ಅಮ್ಮಂಗೆ ಎಂತ ತಿಳೀಬೇಕು? ಸರಿಯಾಗಿ ಕೇಳಿ."

ಈ ಸಲ ಚೌಡಣ್ಣ ನೆಲಕ್ಕೆ ಮಂಡಿಯೂರಿದ. ಅವನ ದನಿಯಲ್ಲಿ ಆಟ ಇರಲಿಲ್ಲ. "ತಾಯೀ, ಮಕ್ಕಳು ಓದೋ ಶಾಲೆದು ಪುಸ್ತಕ. ಈ ಹುಡುಗಿ ಮೂರು ತಿಂಗ್ಳು ಕಣ್ಣು ಕಳ್ಕಂಡು ಮಾಡಿದಾಳೆ. ಹಾಳು ಮಾಡಿದವ್ನು ನಾನು. ತಪ್ಪು ನನ್ನ ತಲೆ ಮೇಲೆ ಹಾಕು, ಪುಸ್ತಕ ಉಳಿಸ್ಕೊಡು."

ನಾವು ಮೂವರೂ ಹೂವನ್ನೇ ನೋಡಿದೆವು. ಬಲಗಡೆಯದು ನಿಧಾನಕ್ಕೆ ಜಾರಿ, ಸೀದಾ ಡಿಸ್ಕಿನ ಪಕ್ಕಕ್ಕೆ ಬಿತ್ತು. ಗಂಗಕ್ಕನೇ ಡಿಸ್ಕನ್ನು ಎತ್ತಿ ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. ಹಬ್ಬದ ದಿನ ಬರಿಬಾಯಲ್ಲಿ ಹೋಗಬಾರದೆಂದು ನನಗೊಂದು ಲೋಟ ಪಾಯಸವನ್ನೂ ಕೊಟ್ಟಳು. ಚೌಡಣ್ಣನಿಗೆ ಕೊಡಲಿಲ್ಲ. ಅವನು ಬೇರೆ ಕಡೆ ನೋಡುತ್ತ, "ನಂಗೆ ಸಿಹಿ ಸೇರಲ್ಲ" ಅಂದ. ಭಟ್ಟರ ಕಾಫಿ ನೆನಪಾಗಿ ನನಗೆ ವಿಚಿತ್ರವೆನಿಸಿತು. ಆದರೆ ನನ್ನ ತಲೆ ತುಂಬ ಪುಸ್ತಕವಿತ್ತು, ಅಷ್ಟಕ್ಕೇ ಬಿಟ್ಟೆ.

ಅಂಗಡಿಗೆ ಬಂದು ಚೌಡಣ್ಣ ಡಿಸ್ಕಿನ ಕೇಬಲ್ ಸಿಕ್ಕಿಸುವ ಬಾಯಿಗೆ ಹೊಕ್ಕಿದ್ದ ಗಂಧವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಖಾಲಿ ಮೆಷಿನ್ನಿಗೆ ಕೂರಿಸಿ ಬಟನ್ ಒತ್ತಿದ. ಎದ್ದಿತು! ನನ್ನ ಫಾಂಟುಗಳು, ನನ್ನ ಪುಟಗಳು, ನಾನು ಅರ್ಧಕ್ಕೆ ಬಿಟ್ಟಿದ್ದ ಸಾಲು, ಎಲ್ಲ ಇದ್ದಲ್ಲೇ ಇದ್ದವು. ನಾನು ಅಳುತ್ತ ನಗುತ್ತ ಮುಖ್ಯೋಪಾಧ್ಯಾಯರ ಎರಡು ಮಾತು ಸೇರಿಸಿ, ದೀಪ ಹಚ್ಚುವ ಹೊತ್ತಿಗೆ ಫೈಲು ಕಳಿಸಿದೆ. ಚೌಡಣ್ಣ ಕಿಟಕಿಯಲ್ಲಿ ನಿಂತು ಸಕ್ಕರೆ ಕಾಫಿ ಹೀರುತ್ತ, "ನೋಡಿದ್ಯಾ, ಬ್ಯಾಕಪ್ ಅಂದ್ರೆ ಹಿಂಗಿರ್ಬೇಕು" ಅಂದ. ಮೆಷಿನ್ ಸುಟ್ಟವನು ತಾನೇ ಎಂಬುದು ಆಗಲೇ ಅವನಿಗೆ ಮರೆತುಹೋಗಿತ್ತು. ಆ ಪುಸ್ತಕದ ಒಂದು ಪ್ರತಿ ಈಗಲೂ ನನ್ನ ಅಂಗಡಿಯ ಗಾಜಿನ ಬೀರುವಿನಲ್ಲಿದೆ.

ಚೌಡಣ್ಣ ಹೋದದ್ದು ಕಳೆದ ಆಷಾಢದಲ್ಲಿ. ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಬ್ಯಾಕಪ್ ಚೌಡಪ್ಪಂಗೇ ಬ್ಯಾಕಪ್ ಇಲ್ದೇ ಹೋಯ್ತಲ್ಲ ಎಂದು ಸಾವಿನ ಮನೆಯ ಅಂಗಳದಲ್ಲಿ ಯಾರೋ ಒಬ್ಬ ತಮಾಷೆ ಮಾಡಿದ. ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ನನಗೆ ಒಡಹುಟ್ಟಿದ ಅಣ್ಣಂದಿರಿಲ್ಲ. ಇಲ್ಲ ಎಂದು ಅದುವರೆಗೆ ಅನ್ನಿಸಿರಲೂ ಇಲ್ಲ.

ಮುಂದಿನ ಅಮಾವಾಸ್ಯೆಯ ದಿನ ನಾನು ಸುಮ್ಮನೆ ಪರದೆ ನೋಡುತ್ತ ಕೂತಿದ್ದೆ. ಮೆಟ್ಟಿಲ ಮೇಲೆ ಹಪ್ಪಳದ ವಾಸನೆ ಬಂತು. ಥಟ್ಟನೆ ಎದ್ದು ನಿಂತೆ. ನೋಡಿದರೆ ಗಂಗಕ್ಕ, ಕೈಯಲ್ಲಿ ಸ್ಟೀಲ್ ಡಬ್ಬಿ.

"ಇವತ್ತು ಅಮಾಸೆ ಅಲ್ವನೆ?" ಎಂದು ಚೌಡಣ್ಣ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು. "ಇಟ್ಟಿದೀನಿ. ಆದ್ರೆ ತೆಗ್ದು ನೋಡ್ಬೇಕಂತಲ್ಲ. ತೆಗಿ, ನೋಡಾನ."

ನಾನು ಮೆಷಿನ್ ಬಿಚ್ಚಿ ಒಳಗಿನ ಡಿಸ್ಕ್ ತೆಗೆದು ಅವಳಿಗೆ ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎದುರಿನ ಹೋಟೆಲಿಂದ ಭಟ್ಟರು ನೋಡಿದರೆಂದು ಕಾಣುತ್ತದೆ, ಯಾರೂ ಕೂಗದೆಯೇ ಕಾಫಿಗೆ ಇಟ್ಟರು. ಹಪ್ಪಳದ ಡಿಸ್ಕ್ ಕೂರಿಸಿ ಬಟನ್ ಒತ್ತಿದೆ. ಎದ್ದಿತು.

ಗಂಗಕ್ಕ ಪರದೆಯನ್ನೇ ನೋಡಿದಳು. "ಇದಾದ್ರೂ ಎದ್ತಲ್ಲ" ಎಂದಳು.

ಅಷ್ಟರಲ್ಲಿ ಭಟ್ಟರು ತಾವೇ ಮೆಟ್ಟಿಲು ಹತ್ತಿ ಬಂದು, ಎರಡು ಲೋಟ ಇಟ್ಟು ಇಳಿದು ಹೋದರು. ಸ್ಟೂಲಿನ ಮುಂದೆ ಇಟ್ಟದ್ದು ಯಾವತ್ತಿನಂತೆ ಚೌಡಣ್ಣನ ಕಾಫಿ. ಗಂಗಕ್ಕ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಇದೆಂತ ಕಾಫಿನಾ, ಪಾಯಸನಾ? ಯಾರದಿದು?"

"ಚೌಡಣ್ಣಂದು. ಯಾವಾಗ್ಲೂ ಹಿಂಗೇ ಕುಡೀತಿದ್ದ."

ಅವಳು ಲೋಟ ನೋಡಿದಳು, ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. "ಶುಗರ್ ಅಂತ ಡಾಕ್ಟ್ರು ಹೇಳಿದ್ಮೇಲೆ ಮನೇಲಿ ಒಂದು ಚಮಚ ಸಕ್ರೆ ಮುಟ್ಟಿಲ್ಲ ಕಣೆ. ನಂಗೆ ಆಸೆನೇ ಇಲ್ಲ ಗಂಗೆ ಅಂತಿದ್ರು. ಅಮಾಸೆ ಬಂತು ಅಂದ್ರೆ ಬೆಳಿಗ್ಗೆಯಿಂದ್ಲೇ, ಸುಮಿತ್ರನ ಮಿಷನ್ ನೋಡ್ಬೇಕು, ಸುಮಿತ್ರನ ಮಿಷನ್ ನೋಡ್ಬೇಕು ಅಂತ ಕುಣೀತಿದ್ರು!"

ನಾವಿಬ್ಬರೂ ನಕ್ಕೆವು. ಆ ಖಾಲಿ ಅಂಗಡಿಯಲ್ಲಿ, ಬಿಚ್ಚಿದ ಮೆಷಿನ್ನಿನ ಮುಂದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೀರು ಮಾತ್ರ ನಗು ನಿಂತ ಮೇಲೂ ನಿಲ್ಲಲಿಲ್ಲ.

"ಕಳ್ಳ" ಅಂದಳು ಗಂಗಕ್ಕ. ಆಮೇಲೆ ಲೋಟ ಎತ್ತಿಕೊಂಡು, ತಳದಲ್ಲಿ ಉಳಿದ ಸಕ್ಕರೆಯನ್ನೂ ಬಿಡದೆ, ಪೂರ್ತಿ ಕುಡಿದಳು.