ಗಾಳಿಯಂತ್ರದ ನೆತ್ತಿಯ ಮೇಲೊಬ್ಬ ಬಸಯ್ಯ

ಬೆಳಗಿನ ಜಾವ. ಒಮಾನಿನ ಸಲಾಲಾ ಪಟ್ಟಣ ಹಿಂದೆ ಬಿದ್ದು ಬಹಳ ಹೊತ್ತಾಗಿದೆ. ಎದುರಿಗೆ ಮರಳು, ಕಲ್ಲು, ಸಾಲಾಗಿ ನಿಂತ ಬಿಳಿ ಗಾಳಿಯಂತ್ರಗಳು. ಎಲ್ಲವೂ ತಿರುಗುತ್ತಿವೆ, ಒಂದು ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನೆ ನಿಂತಿದೆ. ಅದರತ್ತ ಹೊರಟ ಬಸಯ್ಯ ಬೇಲಿಯ ಹತ್ತಿರ ಬಂದು ನನ್ನ ಕಿವಿಯಲ್ಲಿ ಉಸುರುತ್ತಾರೆ: “ಮ್ಯಾಲ ಏರತೀನಿ ಅಂತ ಆಕಿಗೆ ಗೊತ್ತಿಲ್ರೀ. ಕೆಳಗ ಸ್ವಿಚ್ ನೋಡ್ಕೊಂಡು ಇರ್ತೀನಿ ಅಂತ ಹೇಳೇನಿ. ಗೊತ್ತಾತಂದ್ರ ನನ್ನ ನೌಕರಿ ಖಲಾಸ್!”

ಆಕೆ ಎಂದರೆ ಅವರ ಹೆಂಡತಿ ಶಿವವ್ವ. ಗದಗಿನಿಂದ ವಿಸಿಟ್ ವೀಸಾದಲ್ಲಿ ಬಂದವರು, ರೊಟ್ಟಿ ಬುತ್ತಿ ಹಿಡಿದು ಟ್ಯಾಕ್ಸಿಗೆ ಒರಗಿ ನಿಂತಿದ್ದಾರೆ. “ಗಂಡ ದುಡಿಯೂ ಜಾಗಾ ನೋಡದ ಹೋದ್ರ ಊರಾಗ ಏನಂತ ಹೇಳ್ಲಿ?” ಎಂದು ಹಟ ಹಿಡಿದು ಬಂದಿದ್ದಾರೆ.

ನಾನಾದರೋ ಬರೀ ಪ್ರವಾಸಿ. ಒಮಾನಿನ ಈ ಮೂಲೆಗೆ ಬಂದವರು ಕಡಲು ನೋಡುತ್ತಾರೆ, ಧೂಪದ ಮರ ನೋಡುತ್ತಾರೆ. ನನಗೆ ಮರುಭೂಮಿಯ ಗಾಳಿಯಂತ್ರ ನೋಡುವ ಹುಚ್ಚು. ಟ್ಯಾಕ್ಸಿಯ ಝುಬೈರ್ ಪುತ್ತೂರಿನವರು. “ನಮ್ಮ ಭಾಷೆಯವರೊಬ್ರು ಅಲ್ಲೇ ಕೆಲಸ ಮಾಡುದು ಮಾರಾಯ್ರೇ” ಎಂದು ನಿನ್ನೆ ಸಂಜೆ ಬಸಯ್ಯನವರ ಪರಿಚಯ ಮಾಡಿಸಿದ್ದೇ ಅವರು.

ಬಸಯ್ಯ ಕಪ್ಪತಗುಡ್ಡದ ಮಗ್ಗುಲಿನ ಊರಿನವರು. ಐಟಿಐ ಮುಗಿಸಿ ಅಲ್ಲಿನ ಗಾಳಿಯಂತ್ರಗಳಲ್ಲೇ ಕೆಲಸ ಕಲಿತರು. ಶಿವವ್ವನ ಅಣ್ಣ ಹುಣಸೆ ಮರದಿಂದ ಬಿದ್ದು ಕಾಲು ಕಳೆದುಕೊಂಡವರು. ಹಾಗಾಗಿ ಮದುವೆಯಾದ ಹೊಸತರಲ್ಲೇ ಆಕೆ ಗಂಡನಿಂದ ಮಾತು ತೆಗೆದುಕೊಂಡರು: ಎತ್ತರಕ್ಕೆ ಏರಕೂಡದು. ಬಸಯ್ಯ ಹ್ಞೂಂ ಎಂದರು, ಒಮಾನಿಗೆ ಬಂದರು, ಏರಿದರು!

ಮೇಲೆ ಏನಿದೆ ಅಂಥದ್ದು? ನಿನ್ನೆ ಚಹಾ ಕುಡಿಯುತ್ತಾ ಕೇಳಿದ್ದೆ. ಕಂಬದೊಳಗೆ ಸ್ವಲ್ಪ ದೂರ ಲಿಫ್ಟು, ಆಮೇಲೆ ಬಾವಿಯಂಥ ಕತ್ತಲಲ್ಲಿ ಏಣಿ. ಬೇಸಿಗೆಯಲ್ಲಿ ಒಳಗೆ ಕುದಿ, ಎಣ್ಣೆಯ ವಾಸನೆ. ಗಾಳಿ ಜೋರಾದರೆ ಕೆಲಸ ಬಿಟ್ಟು ಇಳಿಯಬೇಕು. ಇಷ್ಟೆಲ್ಲ ಹೇಳಿದ ಮೇಲೆ ಅವರ ಕಣ್ಣು ಅರಳಿತು. “ಮ್ಯಾಲ ನಿಂತ್ರ ಗಾಳಿ ಬರೂದು ಕಾಣತೈತ್ರೀ! ಮೊದಲ ದೂರ ಮಣ್ಣು ಏಳತೈತಿ, ಆಮ್ಯಾಲ ಒಂಟಿಗೋಳು ಬೆನ್ನು ತಿರುಗಸ್ತಾವ, ಆಮ್ಯಾಲ ನಮಗ ಬಡೀತೈತಿ.”

ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತಾರೆ. ಒಳಗಿನವರು ‘ಬರ್ರಿ’ ಎಂದ ಮೇಲೆಯೇ ಹೊಸ್ತಿಲು ದಾಟುವುದು. ಇಲ್ಲಿ ಅದನ್ನು ಯಾರಿಗೆ ಹೇಳುತ್ತೀರಿ ಎಂದೆ. “ಕಂಬಕ್ಕ ಹೇಳ್ತೀನ್ರೀ. ಅದು ಬರ್ರಿ ಅನ್ನೂದಿಲ್ಲ” ಎಂದು ನಕ್ಕರು. ನನಗೇಕೋ ನಗು ಬರಲಿಲ್ಲ. “ಒಂದ ಸಲ ಆಕಿ ಕಡಿಯಿಂದ ಬರ್ರಿ ಅನ್ನಿಸ್ಕೊಂಡು ಏರಬೇಕು ಅಂತ ಆಸೆ ಐತ್ರೀ. ಹೆಂಗ ಕೇಳೂದು?”

ಈಗ ಬಸಯ್ಯ ಒಳಗೆ ಹೋಗಿ ಕಂಬದ ಬಾಗಿಲು ಮುಚ್ಚಿದೆ. ಗಾಳಿ ಅಳೆಯುವ ಸಾಧನ ಕೆಟ್ಟಿದೆಯಂತೆ, ಅದಿರುವುದು ಯಂತ್ರದ ನೆತ್ತಿಯ ಮೇಲೆ. ಸ್ವಲ್ಪ ಹೊತ್ತಿಗೆ ಅಲ್ಲಿ ಕೆಂಪು ಹೆಲ್ಮೆಟ್ಟಿನ ಚಿಕ್ಕ ಆಕೃತಿಯೊಂದು ಏಳುತ್ತದೆ.

“ಯವ್ವಾ! ಅಲ್ಲಿ ಯಾರೋ ಅದಾರಲ್ರೀ!” ಶಿವವ್ವ ಹಣೆಗೆ ಕೈ ಅಡ್ಡ ಹಿಡಿಯುತ್ತಾರೆ. “ಯಾರ ಮನೀ ಗಂಡಸೋ ಏನೋ. ಅವನ ಹೇಣ್ತಿ ಹೆಂಗ ಬಿಟ್ಟಾಳ?”

ನಾನು ಬೇಲಿಯಾಚೆ ಮೇಯುತ್ತಿರುವ ಒಂಟೆಗಳ ಕಡೆ ನೋಡುತ್ತೇನೆ. ಪಾಪ, ಗುಟ್ಟು ತಿಳಿಯದ ಝುಬೈರ್ ಹೆಮ್ಮೆಯಿಂದ ಹೇಳಿಬಿಡುತ್ತಾರೆ: “ಯಾರೋ ಅಂದ್ರೆ? ಅದು ನಿಮ್ಮ ಯಜಮಾನ್ರೇ ಅಲ್ವಾ ಅಕ್ಕ! ಅವರಷ್ಟು ಗಟ್ಟಿ ಇಲ್ಲಿ ಬೇರೆ ಯಾರುಂಟು?”

ಅಯ್ಯೋ, ಕೆಟ್ಟಿತು ಕೆಲಸ. ಆ ಆಕೃತಿ ಒಳಗಿಳಿದು ಮರೆಯಾಗುವವರೆಗೂ ಶಿವವ್ವ ಕಣ್ಣು ಕೀಳುವುದಿಲ್ಲ. ಯಂತ್ರದ ರೆಕ್ಕೆ ಮೆಲ್ಲಗೆ ತಿರುಗತೊಡಗಿದ್ದೂ ಅವರಿಗೆ ಬೇಕಾಗಿಲ್ಲ.

ನಗುತ್ತಾ ಗೇಟು ದಾಟಿ ಬಂದ ಬಸಯ್ಯ ಹೆಂಡತಿಯ ಮುಖ ಕಂಡು ನಿಂತುಬಿಡುತ್ತಾರೆ. ಶಿವವ್ವ ಅವರ ಚೀಲಕ್ಕೆ ಕೈ ಹಾಕಿ ಸುರಕ್ಷತೆಯ ಬೆಲ್ಟನ್ನು ಹೊರಗೆಳೆದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗುತ್ತಾರೆ.

“ಇದು ಹರಿಯೂದಿಲ್ಲೇನು?”

“ಇಲ್ಲ.”

“ಎಷ್ಟು ವರ್ಷಾತು ಏರಾಕ ಹತ್ತಿ?”

“ಹನ್ನೆರಡು.”

“ಹನ್ನೆರಡು ವರ್ಷ! ಬರ್ರಿ ಅನ್ನಾಕ ಒಬ್ಬರೂ ಇಲ್ಲದ ಏರೀರಿ?” ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಸುಳ್ಳಿಗೆ ಬೈಯುತ್ತಾರೆಂದು ಕಾದಿದ್ದ ಬಸಯ್ಯ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. “ತಿನ್ರಿ ಮೊದಲ” ಎಂದು ಶಿವವ್ವ ಬುತ್ತಿ ಬಿಚ್ಚುತ್ತಾರೆ. ನನಗೂ ಝುಬೈರ್‌ಗೂ ಶೇಂಗಾ ಚಟ್ನಿಯ ಜೊತೆ ಒಂದೊಂದು ರೊಟ್ಟಿ ಸಿಗುತ್ತದೆ.

ತಿಂದು ಕೈ ತೊಳೆದ ಬಸಯ್ಯ ತಲೆ ತಗ್ಗಿಸುತ್ತಾರೆ. “ಇನ್ನೊಂದು ಕಂಬ ಐತಿ. ನೀ ಬ್ಯಾಡ ಅಂದ್ರ ಇವತ್ತ ಬಿಟ್ಟು ಊರಿಗೆ ಬರ್ತೀನಿ.”

ಶಿವವ್ವ ತಿರುಗುತ್ತಿರುವ ಯಂತ್ರಗಳನ್ನು ಒಂದೊಂದಾಗಿ ನೋಡುತ್ತಾರೆ. ಆಮೇಲೆ ಬೆಲ್ಟನ್ನು ಮಡಚಿ ಗಂಡನ ಕೈಗೆ ಕೊಡುತ್ತಾರೆ.

ಬಸಯ್ಯ ಚೀಲ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಲ್ಲುತ್ತಾರೆ. “ಏರಿ ಬರ್ತೀನಿ.”

ಶಿವವ್ವ ಬುತ್ತಿಯ ಗಂಟು ಕಟ್ಟುತ್ತಾರೆ. ಬಸಯ್ಯ ಕದಲುವುದಿಲ್ಲ.

“ಹ್ಞೂಂ, ಬರ್ರಿ,” ಎನ್ನುತ್ತಾರೆ ಶಿವವ್ವ. “ಲಗೂನ ಬರ್ರಿ.”