ಹಗ್ಗಕ್ಕೆ ಕಟ್ಟಿಹೋದ ಸಿಲಿಂಡರು

ಡೈವಿಂಗ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ರಬ್ಬರು ಉಡುಪುಗಳ ಕತ್ತು, ಮಣಿಕಟ್ಟುಗಳಿಗೆ ತೇಪೆ ಹಚ್ಚುವ ಅವಳನ್ನು ಎಲ್ಲರೂ ಗೋಂದಮ್ಮ ಎಂದೇ ಕರೆಯುತ್ತಿದ್ದರು. ಬೆರಳಿಗೆ ಸದಾ ಅಂಟು. ಮಗಳ ಜಡೆ ಹೆಣೆದರೆ ಒಂದೆರಡು ಕೂದಲು ಕಿತ್ತೇ ಬರುತ್ತಿತ್ತು. "ಅಮ್ಮಾ, ನಿನ್ನ ಕೈ ಕಚ್ಚುತ್ತೆ!" ಎಂದು ಪುಟ್ಟಿ ಮುಖ ಸಿಂಡರಿಸುತ್ತಿದ್ದಳು.

ಊರಾಚೆ ನೀರು ತುಂಬಿದ ಹಳೆಯ ಗಣಿಯಿದೆ. ಅದರೊಳಕ್ಕೆ ಇಳಿದ ಗೋಂದಮ್ಮನ ಗಂಡ ಮತ್ತೆ ಮೇಲೆ ಬರಲಿಲ್ಲ. ಆಗ ಪುಟ್ಟಿಗೆ ಹಾಲುಹಲ್ಲು ಮೂಡುತ್ತಿತ್ತು. ಈಗ ಅವೇ ಉದುರುತ್ತಿವೆ. ಹುಡುಕಹೋದವರು ತಳದ ಸುರಂಗದ ಬಾಯಿಯವರೆಗೆ ಹೋಗಿ ಹಿಂದಿರುಗಿದರು. ತಂದದ್ದು ಒಂದು ಸಿಲಿಂಡರು ಮಾತ್ರ. ಆಳಕ್ಕೆ ಹೋದವರು ಸರ್ರನೆ ಮೇಲೆ ಬರುವಂತಿಲ್ಲ. ಆರು ಮೀಟರಿನಲ್ಲಿ ಹಗ್ಗ ಹಿಡಿದು ನಿಂತು, ಶುದ್ಧ ಆಕ್ಸಿಜನ್ ಉಸಿರಾಡಿ, ಮೈಯನ್ನು ಹದಕ್ಕೆ ತಂದುಕೊಂಡೇ ಬರಬೇಕು. ಆ ಹೊತ್ತಿಗೆಂದು ಅವನೇ ಹಗ್ಗಕ್ಕೆ ಕಟ್ಟಿಹೋದದ್ದು ಅದು. ತುಂಬಿದ್ದು ತುಂಬಿದ ಹಾಗೇ ಇತ್ತು. ಮೇಲಿನ ಪಟ್ಟಿಯಲ್ಲಿ ಅವನು ಬರೆದ ದೊಡ್ಡ 6. ಅದರ ತಲೆ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿತ್ತು.

ಮನೆಯಲ್ಲಿ ಅದು ಹೊಲಿಗೆ ಯಂತ್ರದ ಹಿಂದಿನ ಮೂಲೆಯಲ್ಲಿ ನಿಂತಿತ್ತು. ಮನಸ್ಸು ತಡೆಯದಾದಾಗ ಅವಳು ಒತ್ತಡದ ಮಾಪಕ ಜೋಡಿಸಿ ನೋಡುತ್ತಿದ್ದಳು. ಪ್ರತಿಸಲವೂ ಮುಳ್ಳು ಕೂದಲೆಳೆಯಷ್ಟು ಕೆಳಗೆ. ಸೋಪುನೀರು ಹಚ್ಚಿ ನೋಡಿದಳು, ಒಂದು ಗುಳ್ಳೆಯೂ ಏಳಲಿಲ್ಲ.

"ಅವನೇ ಚೂರುಚೂರು ತಗೋತಿದಾನೆ ಕಣೇ," ಎಂದರು ಅತ್ತೆ, ಬಟ್ಟೆ ಮಡಿಸುತ್ತ, ಹಾಲು ಉಕ್ಕಿತು ಎನ್ನುವಷ್ಟು ಸಹಜವಾಗಿ. "ಎಷ್ಟಂತ ಕಾಯ್ತಾನೆ ಪಾಪ!"

ಅಂದಿನಿಂದ ಆ ಮೂಲೆಗೆ ಬೆನ್ನು ಹಾಕಿ ಕೂರುವುದು ಅವಳಿಂದಾಗಲಿಲ್ಲ. ಯಂತ್ರವನ್ನೇ ಅಡ್ಡ ತಿರುಗಿಸಿಕೊಂಡು ಹೊಲಿದಳು. ಅದು ಖಾಲಿಯಾಗುವುದರೊಳಗೆ ತಾನು ಅವನನ್ನು ಮುಟ್ಟಬೇಕು. ಹವ್ಯಾಸಿಗಳು ಇಳಿಯುವಷ್ಟು ಆಳ ಅವಳಿಗೂ ಗೊತ್ತಿತ್ತು, ಸುರಂಗಕ್ಕೆ ಅದು ಏನೇನೂ ಸಾಲದು. ಅದಕ್ಕಿಂತ ಆಳಕ್ಕಿಳಿಯುವ ಟೆಕ್ನಿಕಲ್ ಡೈವಿಂಗ್ ಕಲಿಸುವ ಗುರು ಬೇಕಿತ್ತು.

ಬಾಡಿಗೆಮನೆ ಹುಡುಕಿದ್ದಕ್ಕಿಂತ ಹೆಚ್ಚು ಅಲೆದಳು. ಎಲ್ಲರಿಗೂ ಅವಳದು ಒಂದೇ ಪ್ರಶ್ನೆ: "ನೀವು ಅರ್ಧಕ್ಕೇ ವಾಪಸ್ ಬಂದಿದ್ದು ಕೊನೇಸಲ ಯಾವಾಗ?"

ಗೋಡೆ ತುಂಬ ಪ್ರಮಾಣಪತ್ರ ತೂಗಿಹಾಕಿದ್ದವನು ನಕ್ಕ. "ನಾನಾ? ವಾಪಸ್ ಬರೋ ಪೈಕಿನೇ ಅಲ್ಲ ನಾನು." ಇದೇ ಮಾತು ಅವಳು ಗಂಡನ ಬಾಯಲ್ಲೂ ಕೇಳಿದ್ದಳು. ಚಪ್ಪಲಿ ಮೆಟ್ಟಿಕೊಂಡಳು. ಇನ್ನೊಬ್ಬ, "ಅದೆಲ್ಲ ಯಾಕಮ್ಮ, ಒಂದು ವಾರದಲ್ಲಿ ರೆಡಿ ಮಾಡಿಬಿಡ್ತೀನಿ," ಎಂದ, ಹಿಟ್ಟು ಬೀಸಿಕೊಡುವ ಗಿರಣಿಯವನ ಹಾಗೆ.

ಕೊನೆಗೆ ಸಿಕ್ಕಿದವಳು ಈಜುಕೊಳದ ಶೆಡ್ಡಿನಲ್ಲಿ ಪೈಪು ತೊಳೆಯುತ್ತಿದ್ದ ತುಂಡುಕೂದಲಿನ ಹೆಂಗಸು.

"ಮೊನ್ನೆ," ಎಂದಳು ತಲೆಯೆತ್ತದೆ. "ಮೂಗು ಕಟ್ಟಿತ್ತು. ನೀನ್ಯಾಕೆ ಕಲೀಬೇಕು?"

"ಕೆಲಸಕ್ಕೆ ಅನುಕೂಲ ಆಗುತ್ತೆ ಅಂತ."

"ಸುಳ್ಳು ಹೇಳುವಾಗ ಬೆರಳಿನ ಗೋಂದು ಕೀಳ್ತೀಯ. ಇರಲಿ, ಕೊಳಕ್ಕೆ ಬಾ. ಆಳಕ್ಕೆ ಕರ್ಕೊಂಡ್ಹೋಗೋದು ಆಮೇಲಿನ ಮಾತು."

ಬೆನ್ನಿಗೆ ಕಟ್ಟಿದ ಸಿಲಿಂಡರುಗಳ, ತಲೆಯ ಹಿಂದಿನ ವಾಲ್ವುಗಳನ್ನು ಮುಟ್ಟಿ ಮುಚ್ಚಿ ತೆರೆಯುವುದು ಮೊದಲ ಪಾಠ. ಮನೆಯಲ್ಲಿ ಮಂಚದ ಮೇಲೆ ಬೋರಲಾಗಿ ಮಲಗಿ ಅಭ್ಯಾಸ ಮಾಡಿದಳು. ಪುಟ್ಟಿ ಬೆನ್ನೇರಿ ಕೂತು, "ನಾನೇ ಸಿಲಿಂಡರ್, ನನ್ನ ಕಿವಿ ತಿರುಗ್ಸು," ಎನ್ನುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಅಮ್ಮ ಮಗಳು ಸೇರಿ ಮಂಚ ಮುರೀರಿ," ಎಂದು ಗೊಣಗಿ, ನಗು ಬಂದುಬಿಟ್ಟೀತೆಂದು ಒಳಗೆ ಹೋಗುತ್ತಿದ್ದರು. ಕೊಳದಲ್ಲಿ ಮಾತ್ರ ನಗುವಿರಲಿಲ್ಲ. ಕಣ್ಣಿಗೆ ಕಪ್ಪು ಮುಸುಕು ಕಟ್ಟಿಕೊಂಡು ಅಲ್ಲಾಡದೆ ತೇಲುವಾಗ ಅವಳು ಉಸಿರು ಬಿಟ್ಟ ಮೇಲೆ ಇನ್ನೊಂದು ಉಸಿರು, ಒಂದು ಗಳಿಗೆ ತಡವಾಗಿ, ಬೆನ್ನ ಹಿಂದೆ ಕೇಳುತ್ತಿತ್ತು.

ಸಲಕರಣೆ ಪರೀಕ್ಷೆಯ ದಿನ ಅವಳು ಆ ಸಿಲಿಂಡರನ್ನೇ ಹೊತ್ತುಕೊಂಡು ಹೋದಳು. ಗುರು ಪಟ್ಟಿಯ ಮೇಲೆ ಬೆರಳಿಟ್ಟಳು. "ಯಾರ ಬರಹ ಇದು?"

ಹೇಳಲೇಬೇಕಾಯಿತು. ಮುಳ್ಳು ಇಳಿಯುವುದನ್ನು, ಅತ್ತೆಯ ಮಾತನ್ನು, ಸುರಂಗವನ್ನು.

"ಮಾಪಕ ಕಳಚೋ ಮುಂಚೆ ಏನ್ ಮಾಡ್ತೀಯ?"

"ವಾಲ್ವ್ ಮುಚ್ಚಿ ಪೈಪಲ್ಲಿರೋದನ್ನ ಹೊರಗೆ ಬಿಡ್ತೀನಿ."

"ಮತ್ತೆ? ಖರ್ಚು ಮಾಡಿದ್ದು ಯಾರು?"

ಅಂಗಡಿಯಲ್ಲಿ ದಿನಬೆಳಗಾದರೆ ಮಾಡುವ ಕೆಲಸ. ಹಾಗೆ ನೋಡಿದಷ್ಟೂ ಒಳಗಿನ ಗಾಳಿ ಕಳೆಯುತ್ತದೆಂದು ಯಾರಿಗಾದರೂ ಅವಳೇ ಹೇಳಿಕೊಟ್ಟಾಳು. ಮನೆಯ ಆ ಮೂಲೆಯಲ್ಲಿ ಮಾತ್ರ ಅದು ಹೊಳೆದಿರಲಿಲ್ಲ.

"ಅವನನ್ನ ತರೋದಕ್ಕೆ ನಾನು ಕಲಿಸಲ್ಲ," ಎಂದಳು ಗುರು. "ವಾಪಸ್ ಬರೋದನ್ನ ಕಲಿಸ್ತೀನಿ. ಬೇಕಿದ್ರೆ ಇದನ್ನ ಖಾಲಿ ಮಾಡ್ಕೊಂಡು ಬಾ. ಬಯಲಲ್ಲಿ, ನಿಧಾನಕ್ಕೆ. ಒಲೆ ಹತ್ರ ಬೇಡ."

ಹಿತ್ತಲಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಅವಳು ವಾಲ್ವು ತಿರುಗಿಸಿದಳು. ಸುಯ್ಯೆಂಬ ಸದ್ದು ಎದ್ದಿತು. ಅತ್ತೆ ಬಂದು ಆ ಗಾಳಿಗೆ ಅಂಗೈ ಒಡ್ಡಿ ನಿಂತರು. ಸದ್ದು ಸಣ್ಣಗಾಗಿ ನಿಲ್ಲುವವರೆಗೂ ಕೈ ಕದಲಿಸಲಿಲ್ಲ.

"ತಣ್ಣಗಿದೆ," ಎಂದರು. ಆಮೇಲೆ, "ಹೋಗಪ್ಪಾ, ಕಾದಿದ್ದು ಸಾಕು."

ತಪಾಸಣೆಯಾಗಿ, ಹೊಸದಾಗಿ ತುಂಬಿಸಿದ ಮೇಲೆ ಅವಳು ಆಕ್ಸಿಜನ್ ತಾನೇ ಅಳೆದು ನೋಡಿದಳು. ಉಸಿರಾಡುವವರೇ ಅಳೆದು, ತಮ್ಮ ಕೈಯಾರೆ ಪಟ್ಟಿ ಬರೆಯಬೇಕೆಂಬುದು ಡೈವಿಂಗಿನಲ್ಲಿ ಮುರಿಯಬಾರದ ನಿಯಮ. ಹೊಸ ಪಟ್ಟಿ ಅಂಟಿಸಿ 6 ಬರೆದಳು. ತಲೆ ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿತು. ಕಿತ್ತು ಮತ್ತೆ ಬರೆದಳು. ಮತ್ತೆ ಅದೇ ಕೊಕ್ಕೆ. ಅವಳ 6 ಎಂದೂ ಹಾಗಿರಲಿಲ್ಲ.

ಅವತ್ತು ಮೊದಲ ಸಲ ಗಣಿಯ ಆಳಕ್ಕಿಳಿಯುವ ದಿನ. ಗುರು ಆಗಲೇ ನೀರಿನಲ್ಲಿದ್ದಳು. ಗೋಂದಮ್ಮ ದಂಡೆಯಲ್ಲಿ ಕೂತು ಪೆನ್ನು ಹಿಡಿದ ಕೈಯನ್ನೇ ನೋಡಿದಳು, ಬೇರೆ ಯಾರದೋ ಕೈ ನೋಡುವ ಹಾಗೆ. ಆಮೇಲೆ ಬೆನ್ನಿಗೆ ಬಿಗಿದಿದ್ದ ಸಿಲಿಂಡರಿನ ಬೆಲ್ಟು ಸಡಿಲಿಸಿದಳು.

"ಇವತ್ತು ಬೇಡ. ನಾನು ವಾಪಸ್ ಹೋಗ್ತೀನಿ."

ಗುರು ಈಜಿ ಬಂದು ದಂಡೆಗೆ ಮೊಣಕೈಯೂರಿದಳು. "ಈಗ ನೀನು ನನ್ನ ಶಿಷ್ಯೆ," ಎಂದಳು. "ನಾಳೆ ಬಾ. ನಾಳೇನೂ ಆಗದಿದ್ರೆ ನಾಡಿದ್ದು."

ಮನೆಗೆ ಬಂದು ಯಂತ್ರವನ್ನು ಮೊದಲಿದ್ದ ಹಾಗೆ ತಿರುಗಿಸಿ, ಖಾಲಿ ಮೂಲೆಗೆ ಬೆನ್ನು ಹಾಕಿ ಕೂತಳು. ಪುಟ್ಟಿಯ ಲಂಗದ ಅಂಚು ಹೊಲಿಯತೊಡಗಿದಳು. ದಾರ ಮುಗಿದು ಯಂತ್ರ ನಿಂತಾಗ ತಾನೂ ಉಸಿರು ಬಿಟ್ಟಳು. ಹಿಂದೆ, ಒಂದು ಗಳಿಗೆ ತಡವಾಗಿ, ಇನ್ನೊಂದು ಉಸಿರು. ಅವಳು ತಿರುಗಿ ನೋಡದೆ ಸೂಜಿಗೆ ದಾರ ಪೋಣಿಸಿದಳು.